ಮೂಲೆ ಬಿಡದ ಜಾಲರಿ ಅಕ್ಕ

ಬೆಳಗಿನ ಐದೂವರೆ. ಕಾವಲುಗಾರನನ್ನು ಬಿಟ್ಟರೆ ಕಚೇರಿಯಲ್ಲಿ ಇವರೊಬ್ಬರೇ. ಚಪ್ಪಲಿಯನ್ನು ಮೇಜಿನ ಕೆಳಗೆ ತಳ್ಳಿ, ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು, ರಾತ್ರಿಯಿಡೀ ಲೆಕ್ಕ ಹಾಕಿದ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಪರದೆಯ ಮೇಲಿನ ಚಿತ್ರದಲ್ಲಿ ಒಂದು ಮೂಲೆ ಕೆಂಪಗಾಗಿದೆ. "ಬಂದ್ಯಾ? ನಿನ್ನೆ ಎಲ್ಲಿ ಅಡಗಿದ್ದೆ?" ಎಂದು ಆ ಮೂಲೆಯನ್ನೇ ಗದರುತ್ತಾರೆ.

ಜೊತೆಗಾರರ ಬಾಯಲ್ಲಿ ಇವರು 'ಜಾಲರಿ ಅಕ್ಕ'. ಭಾರೀ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಹರಿಸಿ ತಡೆಯುವ, ಉಗುರಿನಗಲದ ಚಿಪ್‌ಗಳನ್ನು ತಯಾರಿಸುವ ಮೊದಲೇ ಕಂಪ್ಯೂಟರಿನಲ್ಲಿ ಪರೀಕ್ಷಿಸುವುದು ಇವರ ಕೆಲಸ. ಚಿಪ್‌ನ ಚಿತ್ರವನ್ನು ಮೂರು ಲಕ್ಷ ತ್ರಿಕೋನಗಳ ಜಾಲರಿಯಾಗಿ ಒಡೆಯುತ್ತಾರೆ. ಒಂದೊಂದರಲ್ಲೂ ವಿದ್ಯುತ್ತಿನ ಒತ್ತಡವೆಷ್ಟು, ಬಿಸಿಯೆಷ್ಟು ಎಂದು ಯಂತ್ರ ಲೆಕ್ಕ ಹಾಕಿ, ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಿದ್ದಲ್ಲಿ ನೀಲಿ ಬಣ್ಣ ತೋರಿಸುತ್ತದೆ. ಹದಿನಾಲ್ಕು ವರ್ಷದಿಂದ ಇದೇ. ಚಿಪ್ ಮೇಲೆ ಇವರ ಹೆಸರಿಲ್ಲ, ಅದನ್ನು ಹಾಕುವ ಡಬ್ಬಿಯ ಮಾತಂತೂ ಕೇಳಲೇಬೇಡಿ.

ಆರು ವರ್ಷದ ಹಿಂದೆ ಒಮ್ಮೆ ಎಡವಿದ್ದಾರೆ. ಲೆಕ್ಕ ಬೇಗ ಮುಗಿಯಲೆಂದು ಮೂಲೆಯ ತ್ರಿಕೋನಗಳನ್ನು ದೊಡ್ಡದು ಮಾಡಿದರು. ಅಲ್ಲಿನ ಒತ್ತಡವೆಲ್ಲ ಸರಾಸರಿಯಲ್ಲಿ ಕರಗಿಹೋಗಿ ಪರದೆ ತಣ್ಣಗೆ ನೀಲಿಯಾಯಿತು. ನಾಲ್ಕು ತಿಂಗಳ ಮೇಲೆ ತಯಾರಾಗಿ ಬಂದ ಚಿಪ್ ಮೊದಲ ದಿನವೇ ಢಬ್ ಎಂದಿತು. ಅದೇ ಮೂಲೆಯಲ್ಲಿ ಸಾಸಿವೆಯಷ್ಟು ತೂತು. ಆ ಸುಟ್ಟ ಚಿಪ್ ಇಂದಿಗೂ ಮೇಜಿನ ಮೇಲಿದೆ. "ಯಂತ್ರ ಸುಳ್ಳು ಹೇಳಲಿಲ್ಲ. ನಾನು ಕೇಳಿದ್ದೇ ಅರ್ಧಂಬರ್ಧ," ಎನ್ನುತ್ತಾರೆ. ಅಂದಿನಿಂದ ಒಂದೇ ಪಟ್ಟು: ತ್ರಿಕೋನಗಳ ಅಳತೆಯನ್ನು ಅರ್ಧಕ್ಕಿಳಿಸಿ ಮತ್ತೆ ಲೆಕ್ಕ ಹಾಕಿಸುವುದು, ಉತ್ತರ ಅಲುಗಾಡದೆ ನಿಲ್ಲುವ ತನಕ ಸಹಿ ಇಲ್ಲ.

ಇವತ್ತು ಅಲುಗಾಡಿದೆ. ಇದು ಆಸ್ಪತ್ರೆಯ ಲಿಫ್ಟ್‌ಗಳಿಗೆಂದು ಮಾಡುತ್ತಿರುವ ಚಿಪ್. ಹತ್ತು ಗಂಟೆಗೆ ನಕ್ಷೆ ಕಾರ್ಖಾನೆಗೆ ಹೋಗಬೇಕು. ಒಂಬತ್ತಕ್ಕೆ ಮೇಲಧಿಕಾರಿ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ.

"ನಿನ್ನೆ ಸರಿ ಇತ್ತಲ್ಲಮ್ಮಾ?"

"ನಿನ್ನೆ ಇಷ್ಟು ಸಣ್ಣ ತ್ರಿಕೋನದಲ್ಲಿ ನೋಡಿರಲಿಲ್ಲ ಸರ್. ಮೂಲೆಯ ಒತ್ತಡ ಎಂಟು ಪರ್ಸೆಂಟ್ ಮೇಲೆ ಹೋಗಿದೆ, ಮಿತಿ ದಾಟಿದೆ."

"ಮೊಸರಲ್ಲಿ ಕಲ್ಲು ಹುಡುಕೋದೇ ಆಯ್ತು ನಿಮ್ದು!"

"ಕಲ್ಲು ಸಿಕ್ಕಿದೆಯಲ್ಲ ಸರ್."

ದನಿ ಮೆತ್ತಗಿದೆ. ಲಿಫ್ಟ್ ರಿಪೇರಿ ಮಾಡುವ ಗಂಡ ಎಂದೋ ಆಡಿದ ಮಾತು ಇವರನ್ನು ಬಿಟ್ಟಿಲ್ಲ: "ಸ್ಟ್ರೆಚರ್ ಒಳಗಿದ್ದಾಗ ಲಿಫ್ಟ್ ಮಧ್ಯದಲ್ಲಿ ನಿಂತುಬಿಟ್ರೆ, ಹೊರಗಡೆ ಬಾಗಿಲು ಬಡಿಯೋರ ಮುಖ ನೋಡೋಕಾಗಲ್ಲ ಕಣೇ."

ಆ ದಿನ ನಕ್ಷೆ ಹೋಗುವುದಿಲ್ಲ. ಚೂಪಿದ್ದಲ್ಲೇ ಒತ್ತಡ ಒಟ್ಟುಗೂಡುವುದರಿಂದ ಅಕ್ಕ ಮೂಲೆಯನ್ನು ಕೊಂಚ ದುಂಡಗೆ ಮಾಡಿ ಮತ್ತೆ ಲೆಕ್ಕಕ್ಕೆ ಹಚ್ಚುತ್ತಾರೆ. ತ್ರಿಕೋನಗಳು ಅರ್ಧಕ್ಕಿಳಿಯುತ್ತವೆ, ಆಮೇಲೆ ಅದರ ಅರ್ಧಕ್ಕೆ. ಮೂರನೆಯ ದಿನ ಬೆಳಗ್ಗೆ ಎರಡೂ ಲೆಕ್ಕದ ಉತ್ತರ ಒಂದೇ, ಮಿತಿಗಿಂತ ಸಾಕಷ್ಟು ಕೆಳಗೆ. ಮೇಲಧಿಕಾರಿ ಕಾಗದ ಮುಂದಿಟ್ಟು "ಈಗಲಾದ್ರೂ?" ಎನ್ನುತ್ತಾರೆ. ಅಕ್ಕ ಸಹಿ ಹಾಕುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ನಗು ಬರುತ್ತದೆ ಇವರಿಗೆ. "ಆ ಚಿಪ್ ಇರೋ ಆಸ್ಪತ್ರೆಗೆ ಹೋಗಿ ಒಂದ್ಸಲ ಲಿಫ್ಟ್ ಹತ್ಬೇಕು. ಪಕ್ಕದಲ್ಲಿರೋರು ಫೋನ್ ನೋಡ್ತಾ ನಿಂತಿರ್ಬೇಕು. ಐದನೇ ಮಹಡಿ ಬಂದಾಗ ತಲೆ ಎತ್ತಿ, ಅವರವರ ಪಾಡಿಗೆ ಇಳಿದು ಹೋಗ್ಬೇಕು. ಅಷ್ಟೇ."