ಎರಡು ಕುರ್ಚಿ, ಹಾಲಿಲ್ಲದ ಚಹಾ

ಮದುವೆ ಎಂಬುದು ಎರಡು ಕುಲಗಳ ಪವಿತ್ರ ಸಂಗಮವೆಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದ ಹಿರಿಯರಾರೂ ಮಂಟಪದಲ್ಲಿ ಕುರ್ಚಿ ಹಾಕಿಸಿದವರಲ್ಲ ಎಂಬುದು ನನ್ನ ಬಲವಾದ ಅನುಮಾನ.

ನನ್ನ ಮಗಳು ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ನರ್ಸು. ಅಲ್ಲೇ ಹಲ್ಲಿನ ಡಾಕ್ಟರನೊಬ್ಬನನ್ನು ಮೆಚ್ಚಿದಳು. ಹುಡುಗನ ಮನೆತನದವರು ಚೀನಾದಿಂದ ಬಂದು ಆ ಊರಿನಲ್ಲಿ ತಲೆಮಾರುಗಳಿಂದ ನೆಲೆಸಿದವರು. ಅವರಿಗೆ ಡೆಸ್ಟಿನೇಶನ್ ವೆಡ್ಡಿಂಗ್ ಬೇಕಿತ್ತು. ಅಂದರೆ ಬೀಗರಿಬ್ಬರೂ ತಮ್ಮ ತಮ್ಮ ಊರು ಬಿಟ್ಟು, ಯಾರಿಗೂ ಅನುಕೂಲವಲ್ಲದ ಮೂರನೆಯ ಊರಿನಲ್ಲಿ ಮದುವೆ ಮಾಡುವುದು. ಅವರು ಗೋವಾ ಅಂದರು. ಮಗಳು ಮನಗೂಳಿ ಅಂದಳು. ಅದು ಅವಳ ತಾಯಿಯ ತವರು, ತಾಯಿ ಈಗಿಲ್ಲ. ಇಂಡಿಯಲ್ಲಿರುವ ನಾನು ಮನಗೂಳಿಗೆ ಹೋಗಲು ವಿಜಯಪುರದಲ್ಲಿ ಬಸ್ಸು ಬದಲಿಸಬೇಕು. ಆದ್ದರಿಂದ ಅದೂ ಡೆಸ್ಟಿನೇಶನ್ನೇ ಎಂದು ಒಪ್ಪಿಕೊಂಡೆ.

ಸಿದ್ಧತೆಗೆ ಸಮಿತಿಯೊಂದು ರಚನೆಯಾಯಿತು. ಅಧ್ಯಕ್ಷ ನಾನು, ಕಾರ್ಯದರ್ಶಿ ನಾನು, ಸಭೆ ನಮ್ಮ ಅಡುಗೆಮನೆಯಲ್ಲಿ. ಕೋರಂ ಕೊರತೆ ಎಂದೂ ಆಗಲಿಲ್ಲ. ಸಭೆಯ ಚಹಾ ಮಾತ್ರ ತೊಡಕು. ಹೆಂಡತಿ ಇದ್ದಾಗ ಬೆಳಿಗ್ಗೆ ಒಂದೇ ಕಪ್ಪು ಚಹಾ: ಬಶಿಗೆ ಸುರಿದದ್ದು ನನಗೆ, ಕಪ್ಪಿನಲ್ಲಿ ಉಳಿದದ್ದು ಅವಳಿಗೆ. ಅವಳು ಎಂದೂ ಪೂರ್ತಿ ಕುಡಿದವಳಲ್ಲ. ತಳದಲ್ಲಿ ಎರಡು ಗುಟುಕು ಬಿಟ್ಟು ಕಪ್ಪನ್ನು ನನ್ನ ಕಡೆ ಸರಿಸುತ್ತಿದ್ದಳು. ಅರ್ಧ ಕಪ್ಪು ಚಹಾ ಮಾಡುವ ವಿದ್ಯೆ ನನಗೆ ಇವತ್ತಿಗೂ ಸಿದ್ಧಿಸಿಲ್ಲ. ಒಂದು ಕಪ್ಪು ಮಾಡುತ್ತೇನೆ, ಅರ್ಧ ಆರಿಹೋಗುತ್ತದೆ.

ನಮ್ಮ ಮನೆತನದಲ್ಲಿ ಧಾರೆಗೆ ಜೋಡಿಯೇ ಕೂರಬೇಕು. ಹೆಂಡತಿ ಇಲ್ಲದ ತಂದೆ ಪಕ್ಕಕ್ಕೆ ಸರಿಯಬೇಕು, ಸರಿದೆ. ನನ್ನ ಜಾಗಕ್ಕೆ ತಮ್ಮನ ಜೋಡಿ ಗೊತ್ತಾಯಿತು. ಆದರೆ ಬೀಗರ ಪದ್ಧತಿಯಲ್ಲಿ ಒಂದು ಚಹಾದ ಶಾಸ್ತ್ರವಿದೆ: ಹೆತ್ತವರನ್ನು ಕುರ್ಚಿಯಲ್ಲಿ ಕೂರಿಸಿ, ವಧೂವರರು ಮಂಡಿಯೂರಿ ಎರಡೂ ಕೈಯಿಂದ ಚಹಾ ಕೊಡುವುದು. ಮಗಳ ಮದುವೆಯಲ್ಲಿ ನನಗೆಂದು ಒಂದು ಜಾಗವಿದ್ದರೆ ಅದು ಇಲ್ಲೇ ಎಂದು ನನಗೆ ಆಸೆ ಹುಟ್ಟಿತು. ಆ ಹೊತ್ತಿಗೆ ಮುದ್ದೇಬಿಹಾಳದಿಂದ ತಮ್ಮನೂ ಅವನ ಹೆಂಡತಿಯೂ ಬಂದರು.

"ಚಹಾದ ಶಾಸ್ತ್ರಕ್ಕೂ ನಾವ ಕುಂದರ್ತೇವಿ ತಗೋ, ಅಣ್ಣಾ," ಎಂದ ತಮ್ಮ. "ಅಲ್ಲೂ ಎರಡು ಕುರ್ಚಿ ಹಾಕ್ತಾರಂತ. ಒಂದು ಖಾಲಿ ಬಿದ್ರ ಮಂದಿ ಏನಂತಾರ?"

"ಹಂಗಾರ ನಾ ಏನ್ ಮಾಡ್ಲಿ?"

"ನೀ ಊಟದ ಪಂಕ್ತಿ ನೋಡ್ಕೋ. ಭಜಿ ಕಡಿಮಿ ಬೀಳಬಾರದು."

"ಭಾವಾರು ಪಂಕ್ತ್ಯಾಗ ನಿಂತ್ರ ಯಾರೂ ಎರಡನೇ ಸಲ ಭಜಿ ಕೇಳಂಗಿಲ್ಲ ಬಿಡ್ರಿ," ಎಂದು ತಮ್ಮನ ಹೆಂಡತಿ ನಕ್ಕಳು. "ಮಾರಿ ನೋಡೇ ಹೊಟ್ಟಿ ತುಂಬತೈತಿ."

ನಾನೂ ನಕ್ಕೆ. ಗೊತ್ತುವಳಿ ಅವಿರೋಧವಾಗಿ ಅಂಗೀಕಾರವಾಯಿತು.

ನಿರ್ಣಯ ತಿಳಿಸಲು ಬೀಗತಿಗೆ ಫೋನು ಮಾಡಿದೆ. ಆಕೆಯೂ ನಾನೂ ಮಾತಾಡುವುದು ಹಿಂದಿಯಲ್ಲಿ. ಇಬ್ಬರದೂ ಸಮಾನವಾಗಿ ಮುರಿದದ್ದು. ನನ್ನ ತಮ್ಮನೂ ಅವನ ಹೆಂಡತಿಯೂ ಕೂರುತ್ತಾರೆ ಎಂದೆ. ಆಕೆ ಒಪ್ಪಲಿಲ್ಲ.

"ಅವರಿಗೂ ಚಹಾ ಕೊಡುತ್ತಾರೆ, ಅವರ ಸರದಿ ಬಂದಾಗ. ಮೊದಲು ತಂದೆ ತಾಯಿ."

"ನಾನು ಒಬ್ಬನೇ ಅಲ್ಲವೇ?"

"ಎರಡು ಕುರ್ಚಿ ಹಾಕಿಸಿ. ತೀರಿಕೊಂಡವರನ್ನು ಬಿಟ್ಟು ನಾವು ಮದುವೆ ಮಾಡುವುದಿಲ್ಲ. ಅವರ ಮುಂದೆಯೂ ಕಪ್ಪು ಇಡುತ್ತೇವೆ. ಪಕ್ಕದಲ್ಲಿ ನೀವು ಕೂರಬೇಕು. ಮತ್ತೆ, ಬಿಳಿ ಹೂವು ಬೇಡ. ನಮ್ಮಲ್ಲಿ ಅದು ಸಾವಿಗೆ."

ಫೋನಿಟ್ಟ ಮೇಲೆ ಈ ಸುದ್ದಿ ಯಾರಿಗಾದರೂ ಹೇಳಬೇಕೆನಿಸಿತು. ತಮ್ಮನೂ ಅವನ ಹೆಂಡತಿಯೂ ಮುದ್ದೇಬಿಹಾಳಕ್ಕೆ ಮರಳಿಯಾಗಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಸಮಿತಿಗೆ ತಿಳಿಸಿದೆ.

ಮದುವೆಯ ದಿನ ಮಲ್ಲಿಗೆ ಹೋಗಿ ಕೆಂಪು ಗುಲಾಬಿ ಬಂದಿತ್ತು. ಅಡುಗೆಯವನು ಮಾತ್ರ ಹಟ ಹಿಡಿದ.

"ಹಾಲಿಲ್ಲದ ಚಹಾನ್ರಿ? ಸತ್ತ ಮನ್ಯಾಗ ಕೊಡ್ತಾರ್ರಿ ಅದನ್ನ. ಮದವ್ಯಾಗ ನನ್ನ ಕೈಲೆ ಮಾಡಸಬ್ಯಾಡ್ರಿ ಸರ."

"ಅವರ ಪದ್ಧತಿ ಹಂಗೈತಿ."

"ಹಂಗಾರ ಚೂರ ಹಾಲ ಹಾಕ್ತೇನ್ರಿ. ಯಾರಿಗೂ ಹೇಳಬ್ಯಾಡ್ರಿ."

ಒಬ್ಬರಿಗೆ ಹೂವಿನಲ್ಲಿ ಸಾವು, ಇನ್ನೊಬ್ಬರಿಗೆ ಚಹಾದಲ್ಲಿ. ಕೊನೆಗೆ ಬೀಗತಿಯೇ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತಳು.

ಧಾರೆ ಮುಗಿಯುವವರೆಗೆ ನಾನು ಕಂಬದ ಹತ್ತಿರ ನಿಂತಿದ್ದೆ. ಮಂದಿ ಬಹಳ ಇದ್ದರು. ಕಂಬದ ಹತ್ತಿರ ನಾನೊಬ್ಬನೇ. ಆಮೇಲೆ ಎರಡು ಕುರ್ಚಿ ಬಂದವು. ಒಂದರ ಮೇಲೆ ಮಗಳು ತಾಯಿಯ ಕೆಂಪು ಇಳಕಲ್ ಸೀರೆ ಮಡಿಸಿಟ್ಟಳು. ರೂಢಿಯಂತೆ ನನ್ನ ತಮ್ಮ ಕುರ್ಚಿಯತ್ತ ಬಂದ.

"ಕಾಕಾ, ನಿಮ್ಮ ಪಾಳಿ ಆಮ್ಯಾಲೆ ಐತಿ. ಆ ಕಡೆ ಸರೀರಿ," ಎಂದಳು ಮಗಳು. ತಮ್ಮ ಸರಿದ. ನಾನು ಕೂತೆ.

ಹಿಡಿಕೆಯಿಲ್ಲದ ಸಣ್ಣ ಕಪ್ಪುಗಳು, ಬಶಿ ಇಲ್ಲ. ಮಗಳೂ ಅಳಿಯನೂ ಮಂಡಿಯೂರಿ ಒಂದನ್ನು ನನಗೆ ಕೊಟ್ಟರು, ಇನ್ನೊಂದನ್ನು ಸೀರೆಯ ಮುಂದೆ ಇಟ್ಟರು. ನನ್ನದನ್ನು ಕುಡಿದು ಮುಗಿಸಿದೆ. ಆಮೇಲೆ, ಮನೆಯಲ್ಲಿ ಕಾಯುತ್ತಿದ್ದಂತೆ, ಕಾದೆ. ಆ ಕಪ್ಪನ್ನು ಯಾರೂ ನನ್ನ ಕಡೆ ಸರಿಸಲಿಲ್ಲ. ಕೈ ತಾನೇ ಹೋಗಿ ಅದನ್ನು ಎತ್ತಿಕೊಂಡಿತು. ಬೀಗರ ಕಡೆಯ ಹಿರಿಯರೊಬ್ಬರು ಏಳಹೋದರು. ಅದನ್ನು ಯಾರೂ ಮುಟ್ಟಬಾರದಂತೆ. ಬೀಗತಿ ಅವರ ತೋಳು ಹಿಡಿದು ಕೂರಿಸಿದಳು.

"ನಿಮ್ಮಲ್ಲಿ ಹೀಗೆಯೇ?" ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

"ನಮ್ಮ ಮನೆಯಲ್ಲಿ," ಎಂದೆ.

ಧಾರೆಗೆ ತಮ್ಮನೂ ಅವನ ಹೆಂಡತಿಯೂ ಕೂತಿದ್ದರು. ಚಹಾಕ್ಕೆ ನಾನು ಕೂತೆ. ಎರಡೂ ಕಪ್ಪು ನಾನೇ ಕುಡಿದೆ.