ಪೌಡರ್ ಅಕ್ಕ ತೊಳೆದ ಇಂಜಿನ್

ಬೆಳಕು ಹರಿಯುವ ಹೊತ್ತಿಗೆ ಆಕೆ ಗಂಡನ ಹಳೆಯ ಖಾಕಿ ಅಂಗಿಯ ತೋಳು ಮಡಿಸಿ, ಲಾರಿಯ ಕೆಳಗೆ ಗೋಣಿಚೀಲ ಹಾಸುತ್ತಾಳೆ. ತೊಳೆಯುವ ಇಂಜಿನ್ ತಣ್ಣಗಿರಬೇಕು, ಬಿಸಿ ಕಬ್ಬಿಣಕ್ಕೆ ನೀರು ಬಿದ್ದರೆ ಬಿರುಕು ಬಿಡುತ್ತದೆ. ಸೀಮೆಎಣ್ಣೆ ಹಚ್ಚಿ ವರ್ಷಗಳ ಜಿಡ್ಡು ಕೆರೆಯುತ್ತಾಳೆ. ಆಮೇಲೆ ಸೋಪಿನ ನೀರು, ಆಮೇಲೆ ಒಣಬಟ್ಟೆ. ಕೊನೆಗೆ ಮುಖದ ಪೌಡರ್ ಡಬ್ಬಿ ತೆಗೆದು ಇಂಜಿನ್ನಿನ ಮೈತುಂಬ ಉದುರಿಸುತ್ತಾಳೆ. ಮದುವಣಗಿತ್ತಿಗೂ ಯಾರೂ ಇಷ್ಟು ಬಳಿಯಲಾರರು.

ಹೀಗಾಗಿ ಗ್ಯಾರೇಜಿಗೆಲ್ಲ ಆಕೆ ಪೌಡರ್ ಅಕ್ಕ. ಆಯಿಲ್ ಸೋರುವ ಇಂಜಿನ್ನು ಎಲ್ಲಿ ಮುಟ್ಟಿದರೂ ಒದ್ದೆಯೇ. ಬಿಳಿ ಮಾಡಿ ಓಡಿಸಿದರೆ, ಮೊದಲ ಕಪ್ಪು ಗೆರೆ ಮೂಡಿದ ಕಡೆ ಸೋರಿಕೆ. ಲಾರಿ ರಿಪೇರಿಯಾದ ಮೇಲೆ ಎಲ್ಲರೂ ಮೇಸ್ತ್ರಿಯನ್ನು ಹೊಗಳುತ್ತಾರೆ, ತೊಳೆದವಳನ್ನು ಕೇಳುವವರಿಲ್ಲ. ಬೆರಳ ಸಂದಿಗಳು ಒಡೆದಿವೆ. "ಉಪ್ಪು ಮುಟ್ಟಿದ್ರೆ ಉರಿಯುತ್ತೆ. ಅದಕ್ಕೆ ಅಡುಗೆಗೆ ಮಗಳೇ ಹಾಕ್ತಾಳೆ. ಜಾಸ್ತಿನೇ ಹಾಕ್ತಾಳೆ," ಎಂದು ನಗುತ್ತಾಳೆ.

ಇವತ್ತು ನಗು ಕಡಿಮೆ. ಲಾರಿ ಆಕೆಯ ಭಾವನದು, ಗಂಡನ ಅಣ್ಣನದು. ಗಂಡ ಇಲ್ಲೇ ಮೇಸ್ತ್ರಿಯಾಗಿದ್ದಾಗ ಇದೇ ಇಂಜಿನ್ನಿಗೆ ಎಣ್ಣೆ ಸೋರದಂತೆ ತಡೆಯುವ ಹಿಂಬದಿಯ ಸೀಲ್ ಹಾಕಿದ್ದ. ವಾರದೊಳಗೆ ಕ್ಲಚ್ಚಿನ ಬಳಿ ಮತ್ತೆ ಎಣ್ಣೆ ತೊಟ್ಟಿಕ್ಕಿತು. "ತಮ್ಮ ಅಂತ ನಂಬಿ ಕೊಟ್ರೆ ಕೈ ಕೊಟ್ಟ ನೋಡಿ," ಎಂದು ಭಾವ ನಾಲ್ಕು ಜನರೆದುರು ಅಂದುಬಿಟ್ಟ. ಗಂಡ ಮರುಮಾತಿಲ್ಲದೆ ಒಳಗೆ ಹೋದ. ಅಷ್ಟೇ, ಅಣ್ಣತಮ್ಮಂದಿರು ಆಮೇಲೆ ಮುಖ ಕೊಟ್ಟು ಮಾತಾಡಲಿಲ್ಲ. ಗಂಡ ತೀರಿಕೊಂಡ ಮೇಲೆಯೇ ಆಕೆ ಈ ಕೆಲಸಕ್ಕೆ ಬಂದದ್ದು.

ಲಾರಿಯನ್ನು ಗುಜರಿಗೆ ಹಾಕು ಎಂದು ಬೇರೆ ಗ್ಯಾರೇಜಿನವರು ಕೈಚೆಲ್ಲಿದ್ದಾರೆ. ಭಾವ ಬೇರೆ ದಾರಿ ಕಾಣದೆ ಇಲ್ಲಿಗೆ ಬಂದಿದ್ದಾನೆ.

"ಹಿಂದಿನ ಸೀಲೇ ಕಣಮ್ಮಾ. ಅದೇ ಹಳೇ ಕಾಯಿಲೆ."

"ಡಾಕ್ಟ್ರು ನೀವಾ ಭಾವ? ಸುಮ್ನೆ ಸ್ಟಾರ್ಟ್ ಮಾಡಿ."

ಇಂಜಿನ್ ಗುಡುಗುತ್ತದೆ. ಆಯಿಲ್ ತುಂಬುವ ಬಾಯಿಯ ಮುಚ್ಚಳ ತೆಗೆದು, ಅದರ ಮೇಲೇ ಬೋರಲು ಇಡುತ್ತಾಳೆ. ಮುಚ್ಚಳ ಕುದಿಯುವ ಪಾತ್ರೆಯ ತಟ್ಟೆಯಂತೆ ಕುಣಿದು ಕೆಳಗೆ ಬೀಳುತ್ತದೆ. ಇಂಜಿನ್ನಿನ ಹೊಟ್ಟೆಯಲ್ಲಿ ಗಾಳಿ ಕಟ್ಟಿಕೊಂಡಿದೆ. ಪಿಸ್ಟನ್ ರಿಂಗ್ ಸವೆದು ಇಂಜಿನ್ ಮುಗಿದಿದ್ದರೂ ಹೀಗೇ ಆಗುತ್ತದೆ, ಭಾವನ ಮುಖ ಬಾಡುತ್ತದೆ. ಆದರೆ ಆ ಗಾಳಿ ಹೊರಬರಬೇಕಾದ ಬ್ರೀದರ್ ಪೈಪಿಗೆ ಆಕೆ ಅಂಗೈ ಒಡ್ಡಿದರೆ ಉಸಿರೇ ಇಲ್ಲ. ಇಂಜಿನ್ ಆರಿಸಿ, ಪೈಪ್ ಬಿಚ್ಚಿ, ತಂತಿ ತೂರಿಸುತ್ತಾಳೆ. ಕಲ್ಲಾದ ಕರಿಜಿಡ್ಡು ಬೆಣೆಯಂತೆ ಹೊರಗೆ ಬೀಳುತ್ತದೆ.

ಟಾರ್ಚ್ ಹಿಡಿದು ಕರೆಯುತ್ತಾಳೆ. "ಬಗ್ಗಿ ನೋಡಿ ಭಾವ."

ಬಿಳಿಯ ಮೇಲೆ ಒಂದೇ ಕಪ್ಪು ಗೆರೆ. ಶುರುವಾಗಿರುವುದು ಇಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನ ಹಿಂದಿನ ಅಂಚಿನಲ್ಲಿ. ಬೆನ್ನಗುಂಟ ಇಳಿದು ಕ್ಲಚ್ಚಿನ ಬಳಿ ತೊಟ್ಟಿಕ್ಕುತ್ತಿದೆ. ದಾರಿ ಸಿಗದ ಗಾಳಿ ಅಲ್ಲಿಂದ ಎಣ್ಣೆಯನ್ನು ನೂಕಿದೆ. ಕೆಳಗಿನ ತಗಡು ಬಿಚ್ಚಿ, ಗಂಡ ಹಾಕಿದ ಸೀಲ್ ಇರುವ ಕಡೆ ಬಿಳಿ ಬಟ್ಟೆ ಸುತ್ತಿದ ಬೆರಳು ತೂರಿಸುತ್ತಾಳೆ. ಬಟ್ಟೆಗೆ ಅಂಟಿದ್ದು ಕ್ಲಚ್ಚಿನ ಒಣ ಧೂಳು. ಎಣ್ಣೆಯ ಪಸೆಯೂ ಇಲ್ಲ.

ಪೈಪ್ ಜೋಡಿಸಿ ಮತ್ತೆ ಓಡಿಸಿದಾಗ ಮುಚ್ಚಳ ತುಸು ನಡುಗುತ್ತದೆ, ಬೀಳುವುದಿಲ್ಲ. ಕವರಿನಡಿಯ ಪ್ಯಾಕಿಂಗ್ ಪಟ್ಟಿ ಬದಲಿಸಿದರೆ ಲಾರಿ ಓಡುತ್ತದೆ. ಭಾವ ಆ ಬಿಳಿ ಬಟ್ಟೆ ತುಂಡು ಎತ್ತಿಕೊಂಡು ಗೋಣಿಚೀಲದ ಮೇಲೇ ಕೂರುತ್ತಾನೆ.

"ಅವನಾದ್ರೂ ಒಂದ್ಮಾತು ಹೇಳ್ಬಾರ್ದಿತ್ತಾ?"

"ನೀವು ಕೇಳೋ ಹಾಗಿದ್ರಾ ಭಾವ?"

ಭಾವ ಬಟ್ಟೆ ತುಂಡನ್ನು ಮಡಿಸುತ್ತಾನೆ, ಬಿಚ್ಚುತ್ತಾನೆ, ಮತ್ತೆ ಮಡಿಸುತ್ತಾನೆ. ಆಕೆಗೂ ಕೊರಗಿದೆ. "ಅವತ್ತೇ ಯಾರಾದ್ರೂ ತೊಳೆದು ನೋಡಿದ್ರೆ ಆಗಿತ್ತು. ನಾನು ಮನೇಲೇ ಇದ್ದೆ. ಪೌಡರ್ ಡಬ್ಬಿನೂ ಇತ್ತು. ಇಂಜಿನ್ನಿಗೆ ಹಚ್ಚಬಹುದು ಅಂತ ಯಾರಿಗೆ ಗೊತ್ತಿತ್ತು?"

ಈಗ ಏನಾಗಬೇಕು ಎಂದು ಭಾವ ಕೇಳಿದರೆ ಬ್ರಷ್ ಜಾಡಿಸುತ್ತಾ ಹೇಳುತ್ತಾಳೆ. "ಬಯ್ದಿದ್ದು ನಾಲ್ಕು ಜನರೆದುರು. ಸೀಲ್ ಸರಿಯಾಗಿತ್ತು ಅನ್ನೋದನ್ನೂ ನಾಲ್ಕು ಜನರೆದುರೇ ಹೇಳಿ. ಅವತ್ತಿದ್ದೋರಲ್ಲಿ ಇಬ್ರು ಇನ್ನೂ ಇಲ್ಲೇ ಕೆಲಸಕ್ಕಿದಾರೆ, ಬರೋ ಹೊತ್ತಾಯ್ತು."

ಪ್ಯಾಕಿಂಗ್ ಹಾಕಿಯಾಗಿದೆ, ಲಾರಿ ಹೊರಡಬಹುದು. ಭಾವ ಎದ್ದಿಲ್ಲ. ಬಟ್ಟೆ ತುಂಡು ಕೈಯಲ್ಲಿ ಹಿಡಿದು ಬಾಗಿಲ ಕಡೆಗೇ ನೋಡುತ್ತಾ ಕೂತಿದ್ದಾನೆ.