ಪಾರ್ಲರ್ ಆಂಟಿ ಕಲಿಸಿದ ಭಾಷೆ

ಕಳೆದ ವಾರ ಅಕ್ಕನ ಮಗಳ ಜೊತೆ ಮಲ್ಲೇಶ್ವರದ ಒಂದು ಸಲೂನ್‌ಗೆ ಹೋಗಿದ್ದೆ. ಕೂದಲು ಗುಂಗುರು ಮಾಡುವ ಲೋಷನ್ನಿನ ಘಾಟು ಮೂಗಿಗೆ ಬಡಿದದ್ದೇ ತಡ, ಚಾಮರಾಜಪೇಟೆಯ ನಮ್ಮ ಮನೆಯ ಕೆಳಗಿದ್ದ ಪಾರ್ಲರ್ ಆಂಟಿ ನೆನಪಾದರು.

ಅವರು ಚೀನೀ ಮೂಲದವರು. ಹುಟ್ಟಿದ್ದು ಕಲ್ಕತ್ತೆಯಲ್ಲಿ, ಮದುವೆಯಾಗಿ ಬಂದದ್ದು ಬೆಂಗಳೂರಿಗೆ. ನಮ್ಮಮ್ಮನಿಂದ ಹುಳಿಪುಡಿ ಮಾಡುವುದನ್ನು ಕಲಿತಿದ್ದರು. ತರಕಾರಿಯವನ ಜೊತೆ ಅಮ್ಮನಿಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಿದ್ದರು. ಕಾಲೇಜಿನಲ್ಲಿದ್ದಾಗ, ಚೀನಾದ ಮ್ಯಾಂಡರಿನ್ ಭಾಷೆ ಕಲಿಸಿ ಎಂದು ನಾನು ಅವರಿಗೆ ಗಂಟುಬಿದ್ದೆ. "ಅದು ನಮ್ಮನೆ ಭಾಷೆ ಅಲ್ಲ ಕಣೆ, ಸ್ಕೂಲಲ್ಲಿ ಕಲ್ತಿದ್ದು" ಎನ್ನುತ್ತಲೇ ಒಪ್ಪಿಕೊಂಡರು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹುಬ್ಬು ತಿದ್ದುವ ಪೆನ್ಸಿಲ್ಲಿನಿಂದ ಕನ್ನಡಿಯ ಮೇಲೆ ಅಕ್ಷರ ಬರೆಯುತ್ತಿದ್ದರು, ನಾನು ಅದರ ಕೆಳಗೆ ಬರೆದು ಅಭ್ಯಾಸ ಮಾಡುತ್ತಿದ್ದೆ. ನಾಲ್ಕು ವರ್ಷ... ಒಂದು ದಿನವೂ ಬೇಸರಿಸಲಿಲ್ಲ.

ಆಮೇಲೆ ನಗರದ ಒಂದು ಮ್ಯೂಸಿಯಮ್ಮಿನಲ್ಲಿ ನನಗೆ ಕೆಲಸ ಸಿಕ್ಕಿತು. ಬೇರೆ ಬೇರೆ ದೇಶಗಳಲ್ಲಿ ನೆಲೆಸಿದ ಏಷ್ಯಾ ಮೂಲದ ಇಂದಿನ ಕಲಾವಿದರ ಪ್ರದರ್ಶನವೊಂದು ಅಲ್ಲಿಗೆ ಬಂತು. ತೈವಾನ್, ಸಿಂಗಪುರದ ಅತಿಥಿಗಳಿಗೆ ಮ್ಯಾಂಡರಿನ್‌ನಲ್ಲೇ ಎಲ್ಲವನ್ನೂ ತೋರಿಸಿ ವಿವರಿಸುವ ಕೆಲಸ ನನ್ನ ಪಾಲಿಗೆ ಬಿತ್ತು. "ಆಂಟಿ, ನೀವು ಬರ್ಲೇಬೇಕು" ಎಂದು ನಾನೇ ಕರೆದೆ. ಮೈಸೂರು ಸಿಲ್ಕ್ ಉಟ್ಟು ಬಂದರು.

ಒಬ್ಬ ಕಲಾವಿದೆ ತನ್ನ ಅಜ್ಜಿಯ ಚೀನೀ ಪತ್ರವನ್ನು ಸೀರೆಯುದ್ದದ ಬಟ್ಟೆಯ ಮೇಲೆ ಕಸೂತಿ ಮಾಡಿದ್ದಳು. ಕೊನೆಯ ಸಾಲನ್ನು ನಾನು 'ವಾಪಸ್ ಬರಬೇಡ' ಎಂದು ಓದಿದೆ. ಹಿಂದೆ ನಿಂತಿದ್ದ ಆಂಟಿಗೆ ತಡೆಯಲಾಗಲಿಲ್ಲ. ನೀನು ಒಂದಕ್ಷರ ಬಿಟ್ಟೆ, ಅದು 'ಅವಸರದಲ್ಲಿ ವಾಪಸ್ ಬರಬೇಡ' ಎಂದರು, ಮ್ಯಾಂಡರಿನ್‌ನಲ್ಲೇ, ತಮ್ಮ ಕಲ್ಕತ್ತೆಯ ಧಾಟಿಯಲ್ಲಿ. ಯಾರೋ ಕಿಸಕ್ಕೆಂದು ನಕ್ಕರು. ನಕ್ಕದ್ದು ನನ್ನ ತಪ್ಪಿಗೋ ಅವರ ಉಚ್ಚಾರಕ್ಕೋ ತಿಳಿಯಲಿಲ್ಲ. ನನ್ನ ಮುಖವಂತೂ ಬಿಸಿಯಾಯಿತು.

"ಇವರು ನಿಮ್ಮ ಟೀಚರಾ?" ಎಂದು ಅತಿಥಿಯೊಬ್ಬರು ಕೇಳಿದರು.

"ಅಲ್ಲ, ನಾನು ಕ್ಲಾಸಿಗೆ ಹೋಗಿ ಕಲಿತದ್ದು. ಇವರು ನಮ್ಮ ಬೀದಿಯಲ್ಲಿ ಪಾರ್ಲರ್ ಇಟ್ಟಿದ್ದಾರೆ, ಅಷ್ಟೇ" ಎಂದೆ. ಅವರೇ ಕಲಿಸಿದ ಭಾಷೆಯಲ್ಲಿ, ಅವರ ಎದುರಿಗೇ.

ಆಂಟಿ ಕೊನೆಯವರೆಗೂ ನಮ್ಮ ಜೊತೆಗೇ ನಡೆದು ಎಲ್ಲವನ್ನೂ ನೋಡಿದರು. ಆಟೋ ಹತ್ತುವಾಗ ನನ್ನ ಕೆನ್ನೆ ಮುಟ್ಟಿ, "ಕ್ಲಾಸಿಗೆ ಹೋಗಿ ಕಲ್ತೆ ಅಂದ್ಯಲ್ಲ, ಆ ಮಾತನ್ನ ಒಂದು ತಪ್ಪೂ ಇಲ್ದೆ ಹೇಳ್ದೆ ಕಣೆ" ಎಂದರು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ...

ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಮೆಟ್ಟಿಲಿಳಿದೆ. ಪಾರ್ಲರಿನಲ್ಲಿ ಯಾರಾದರೂ ಕೂತಿದ್ದರೆ, ಸದ್ಯ ಎಂದುಕೊಂಡು ಹಿಂದಿರುಗುತ್ತಿದ್ದೆ. ಆ ವರ್ಷವೇ ಅವರು ಪಾರ್ಲರ್ ಮುಚ್ಚಿ ಕಲ್ಕತ್ತೆಯ ತಂಗಿಯ ಮನೆಗೆ ಹೊರಟುಹೋದರು.

ಸಲೂನಿನಿಂದ ಬಂದವಳೇ ಅಮ್ಮನ ಹಳೆಯ ಡೈರಿಯಲ್ಲಿ ನಂಬರ್ ಹುಡುಕಿ ಫೋನ್ ಮಾಡಿದೆ. ಎತ್ತಿದ್ದು ಅವರ ತಂಗಿ. ಬೆಂಗಳೂರಿನಿಂದ ಎಂದು ಮ್ಯಾಂಡರಿನ್‌ನಲ್ಲೇ ಹೇಳಿದೆ. ಆಂಟಿ ತೀರಿಕೊಂಡು ಎಂಟು ತಿಂಗಳಾಗಿತ್ತು. "ಮ್ಯೂಸಿಯಂ ಹುಡುಗಿ ನೀನೇನಾ? ನಾನು ಕಲಿಸಿದ ಹುಡುಗಿ ಅಂತ ಅಕ್ಕ ಎಲ್ಲರ ಹತ್ತಿರ ಹೇಳುತ್ತಿದ್ದಳು" ಎಂದರು ಮ್ಯಾಂಡರಿನ್‌ನಲ್ಲಿ.

ಹೌದು, ಅವರೇ ಕಲಿಸಿದ್ದು ಎಂದೆ. ಅತ್ತ ಕಡೆ ಆಕೆ ಅಳುತ್ತಿದ್ದರು. ಅಂದು ನಾನು ಆಡಿದ ಮಾತನ್ನು ಆಕೆಗೆ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದೆ. ಆಗಲೂ ನನಗೆ ಧೈರ್ಯ ಬರಲಿಲ್ಲ.